ನಾಲ್ಕು ಜಂಕ್ಷನ್ನುಗಳ ಸ್ಟೇಷನ್ ಮಾಸ್ತರು

ಕಳೆದ ತಿಂಗಳು ಜಮಖಂಡಿಯಲ್ಲಿ ನಮ್ಮ ಕಾಲೇಜಿನ ಸರ್‌ಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ರಬಕವಿಯಿಂದ ಬಸ್ಸು ಹಿಡಿದು ಹೋಗಿದ್ದೆ. ಸತ್ತವರನ್ನು ಹೊಗಳುವ ಕೆಲಸವನ್ನು ನಮ್ಮ ಕಡೆ ಕೈ ಬಿಚ್ಚಿ ಮಾಡುತ್ತಾರೆ. ಒಬ್ಬರು ಅವರನ್ನು ಮೃದು ಸ್ವಭಾವದವರು ಅಂದರು. ಇನ್ನೊಬ್ಬರು ಅಜಾತಶತ್ರು ಅಂದರು. ಮೂರನೆಯವರು ಮೈಕನ್ನು ಬಾಯಿಗೆ ಒತ್ತಿ ಹಿಡಿದು, ಈ ಭಾಗಕ್ಕೆ ರೈಲು ತರಲು ಜೀವ ಸವೆಸಿದ ಹೋರಾಟಗಾರ ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಸರ್ ಅವರ ಹೆಂಡತಿ ಕೂತಿದ್ದರು. 'ಮೃದು ಸ್ವಭಾವ' ಎಂಬ ಮಾತು ಬಂದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಪಕ್ಕದವರು ನೀರಿನ ಬಾಟಲಿ ಕೊಟ್ಟರು. ಅವರನ್ನು ನಾವು ಮರಾಠಿಯಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು, ನಾನು ಚೆನ್ನಾಗಿ ಬಲ್ಲೆ. ಅವರು ನಗು ತಡೆಯುತ್ತಿದ್ದರು.

ಹೋರಾಟದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು ಕಾಲೇಜಿನಲ್ಲಿದ್ದಾಗ ರೈಲು ಬೇಡಿಕೆಯ ಮನವಿಗೆ ಸಹಿ ಕೇಳಲು ಊರಿನ ಹಿರಿಯರು ನಾಲ್ಕೈದು ಜನ ಬಂದಿದ್ದರು. ಸರ್ ಕನ್ನಡಕ ಹಾಕಿಕೊಂಡು ಮನವಿಯ ಹಿಂದಿದ್ದ ನಕ್ಷೆ ನೋಡಿದರು. ಅದರಲ್ಲಿ ಬೀಳಗಿ ಇರಲಿಲ್ಲ. ನಮ್ಮ ಲೈನಿನಲ್ಲಿ ಬೀಳಗಿ ಇದೆ, ಮೊದಲು ನಕ್ಷೆ ತಿದ್ದಿಕೊಂಡು ಬನ್ನಿ ಎಂದು ವಾಪಸು ಕೊಟ್ಟರು. ಬಂದವರು ಮುಖ ಮುಖ ನೋಡಿಕೊಂಡರು. ಸರ್ ಹೇಳಿದ 'ನಮ್ಮ ಲೈನು' ಇದ್ದದ್ದು ನಮ್ಮ ಕಾಲೇಜಿನ ಒಂದು ಖೋಲಿಯಲ್ಲಿ, ನಾಲ್ಕು ಟೇಬಲ್ಲಿನ ಮೇಲೆ. ನಿಜವಾದ ರೈಲು ಆ ಲೈನನ್ನು ನೋಡಿ ತನ್ನ ದಾರಿ ತಿದ್ದಿಕೊಳ್ಳಬೇಕು ಎಂದು ಅವರು ಮನಸಾರೆ ನಂಬಿದ್ದರು. ಈ ಭಾಗದಲ್ಲಿ ರೈಲಿಗಾಗಿ ಸಹಿ ಹಾಕದೆ ಉಳಿದ ಮನುಷ್ಯ ಬಹುಶಃ ಅವರೊಬ್ಬರೇ.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿ ಕಡೆ ರೈಲು ಬರುತ್ತದೆ ಎಂದು ಕೇಳುತ್ತಲೇ ನಮ್ಮ ಅಜ್ಜ ಕೈಮಗ್ಗದಲ್ಲಿ ನೇಯ್ದರು. ಕೇಳುತ್ತಲೇ ಅಪ್ಪ ಪವರ್‌ಲೂಮಿಗೆ ಬಂದರು. ಮನೆಗೆ ಸುಣ್ಣ ಹಚ್ಚುವುದರಿಂದ ಹಿಡಿದು ಮಗನ ಮದುವೆಯವರೆಗೆ, ಮಾಡಲು ಮನಸ್ಸಿಲ್ಲದ ಯಾವ ಕೆಲಸಕ್ಕೂ "ರೈಲ ಬರ್ಲಿ, ನೋಡೂಣು" ಎಂದರೆ ನಮ್ಮಲ್ಲಿ ಮುಗಿಯಿತು. ಈಗ ಬಾಗಲಕೋಟೆ ಕಡೆಯಿಂದ ಕಂಬಿ ತೆವಳುತ್ತ ಬರುತ್ತಿದೆ ಅನ್ನುತ್ತಾರೆ. ಬರಲಿ.

ಸರ್ ಫಿಜಿಕ್ಸ್ ಕಲಿಸುತ್ತಿದ್ದರು. ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಇಂಗ್ಲಿಷ್, ಸಿಟ್ಟು ಬಂದಾಗ ಜಮಖಂಡಿ ಕನ್ನಡ. ಹಾಗಾಗಿ ನಾವು ಅವರ ಬಾಯಲ್ಲಿ ಹೆಚ್ಚು ಕೇಳಿದ್ದು ಕನ್ನಡವನ್ನೇ. ಗಂಟೆ ಬಾರಿಸುವುದು ನಿಂತ ಕೂಡಲೇ ಕ್ಲಾಸಿನ ಬಾಗಿಲು ಹಾಕಿ ಚಿಲಕ ಜಡಿಯುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರು ಹೊರಗಿನವರೊಬ್ಬರನ್ನು ಕರೆದುಕೊಂಡು ಕ್ಲಾಸು ತೋರಿಸಲು ಬಂದು ಬಾಗಿಲು ತಟ್ಟಿ ಕೂಗಿದರು. ಸರ್ ಒಳಗಿನಿಂದಲೇ "ಗಾಡಿ ಬಿಟ್ಟೇತಿ, ಮುಂದಿನದಕ್ಕ ಬರ್ರಿ" ಅಂದರು. ಧ್ವನಿ ಯಾರದೆಂದು ಸರ್‌ಗೆ ಗೊತ್ತಿತ್ತು, ಸರ್‌ಗೆ ಗೊತ್ತಿತ್ತೆಂದು ಪ್ರಿನ್ಸಿಪಾಲರಿಗೂ ಗೊತ್ತಿತ್ತು. ಅವತ್ತಿನಿಂದ ನಾವು ಸರ್‌ಗೆ ಸ್ಟೇಷನ್ ಮಾಸ್ತರು ಎಂದು ಹೆಸರಿಟ್ಟೆವು. ಅದು ಅವರ ಕಿವಿಗೆ ಬಿತ್ತು. ಬೈಯುತ್ತಾರೆಂದು ಕಾದೆವು. ಮರುದಿನ ಎಲ್ಲಿಂದಲೋ ಒಂದು ಸೀಟಿ ತಂದು ಕೊರಳಿಗೆ ಹಾಕಿಕೊಂಡು ಬಂದರು.

ಅವರ ಬಾಯಿಂದ ಯಾರೂ ಶಭಾಷ್ ಅನ್ನಿಸಿಕೊಳ್ಳಲಿಲ್ಲ. ಅವರ ಅತಿ ದೊಡ್ಡ ಹೊಗಳಿಕೆ "ನಡೀತೈತಿ" ಎಂಬುದು. ಕ್ಲಾಸಿಗೆ ಮೊದಲು ಬಂದ ಹುಡುಗನಿಗೂ, ಕ್ಯಾಂಟೀನಿನ ಚಹಾಕ್ಕೂ, ಹೆಂಡತಿಯ ಹೋಳಿಗೆಗೂ ಅದೇ. ಚಹಾವನ್ನು ಬಶಿಗೆ ಸುರಿದು, ಆರುವವರೆಗೆ ಗೋಡೆಯ ಗಡಿಯಾರ ನೋಡಿ, ಒಂದೇ ಗುಟುಕಿಗೆ ಕುಡಿದು ಏಳುತ್ತಿದ್ದರು. ಒಂದು ಹಳೆಯ ಸ್ಕೂಟರು ಇತ್ತು. ಸಂಜೆ ಅದು ತಾನಾಗಿ ಚಾಲೂ ಆದದ್ದನ್ನು ನಾನು ನೋಡಿಲ್ಲ. ಗೇಟಿನಿಂದ ಇಳಿಜಾರಿನವರೆಗೆ ನಾವೇ ದೂಡುತ್ತಿದ್ದೆವು. ಧನ್ಯವಾದ ಹೇಳುವ ಬದಲು ಹೊಗೆ ಬಿಟ್ಟು ಹೋಗುತ್ತಿದ್ದರು.

ಇಂಥವರು ನಮ್ಮ ಕಾಲೇಜಿನಲ್ಲಿ ರೈಲ್ವೆ ಕ್ಲಬ್ಬು ಕಟ್ಟಿದರು. ಹಳೆಯ ಸಾಮಾನು ತುಂಬಿಟ್ಟಿದ್ದ, ಎರಡು ಕಡೆ ಕಿಟಕಿಯಿದ್ದ ಒಂದು ದೊಡ್ಡ ಖೋಲಿಯನ್ನು ಬೇಡಿ ಪಡೆದರು. ನಾಲ್ಕು ಊರಿನ ಹುಡುಗರು ನಾಲ್ಕು ಟೇಬಲ್ಲು ಮಾಡಬೇಕು, ಪ್ರತಿ ಟೇಬಲ್ಲಿನ ಮೇಲೆ ಅವರವರ ಊರು, ನಾಲ್ಕನ್ನೂ ಜೋಡಿಸಿದರೆ ಬೀಳಗಿಯಿಂದ ಮುಧೋಳ, ಜಮಖಂಡಿ ಹಾದು ರಬಕವಿ-ಬನಹಟ್ಟಿಗೆ ರೈಲು ಬರಬೇಕು. ಇದು ಯೋಜನೆ. ಎಂಜಿನ್ನು, ಬೋಗಿ ತರಲು ಅವರೇ ಸ್ವತಃ ಪುಣೆಗೆ ಹೋದರು. ಬಸ್ಸಿನಲ್ಲಿ ಹೋದರು, ಬಸ್ಸಿನಲ್ಲೇ ಬಂದರು, ಏಕೆಂದರೆ ರೈಲಿನ ಟೈಮು ಅವರಿಗೆ ಸರಿಹೋಗಲಿಲ್ಲ. ಅಂಗೈಯಗಲದ ಎಂಜಿನ್ನಿನ ಡಬ್ಬಿಯನ್ನು ರಾತ್ರಿಯಿಡೀ ತೊಡೆಯ ಮೇಲಿಂದ ಇಳಿಸಲಿಲ್ಲವಂತೆ. ಬಾಣಂತನ ಮುಗಿಸಿ ತಮ್ಮನ್ನು ಮನೆಗೆ ಕರೆದುಕೊಂಡು ಬಂದಾಗ ಕೂಸನ್ನು ಕೂಡ ಹೀಗೆ ಹಿಡಿದಿರಲಿಲ್ಲ ಎಂದು ಕಾಕು ನಮ್ಮ ಮುಂದೆಯೇ ಅಂದರು.

ಕ್ಲಬ್ಬಿನ ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು. "ಇದು ಆಟಗಿ ಸಾಮಾನಲ್ಲ, ಸಣ್ಣ ರೈಲು. ಕಂಬಿ ಮ್ಯಾಲ ಇಟ್ಟ ಮ್ಯಾಲ ಯಾರೂ ಕೈ ಹಚ್ಚಾಂಗಿಲ್ಲ. ತಾನ ಹೋದ್ರ ಹೋಗಬೇಕು, ನಿಂತ್ರ ನಿಂದರಬೇಕು." ಎರಡು ಹಿತ್ತಾಳೆ ಕಂಬಿಯಲ್ಲಿ ಕರೆಂಟು ಹರಿಯುತ್ತದೆ, ಎಂಜಿನ್ನಿನ ಗಾಲಿ ಅದನ್ನು ಎಳೆದುಕೊಂಡು ಓಡುತ್ತದೆ. ಕಂಬಿಯ ಮೇಲೆ ಧೂಳೋ ಎಣ್ಣೆಯೋ ಕೂತರೆ ಕರೆಂಟು ಸಿಗದೆ ಅಲ್ಲೇ ನಿಲ್ಲುತ್ತದೆ. ಇಷ್ಟೇ ಇದರ ಶಾಸ್ತ್ರ. ಕಾಲೇಜಿನ ಉಳಿದ ಲ್ಯಾಬುಗಳಲ್ಲಿ ಉತ್ತರವನ್ನು ಮೊದಲು ಬರೆದುಕೊಂಡು ಆಮೇಲೆ ಪ್ರಯೋಗ ಮಾಡುತ್ತಿದ್ದ ನಮಗೆ ಈ ಕಾನೂನು ಅನ್ಯಾಯವೆನಿಸಿತು.

ಸರ್ ನಾಲ್ಕು ಗುಂಪಿಗೂ ಅಳತೆ ಕೊಟ್ಟಿದ್ದರು. ಟೇಬಲ್ಲಿನ ಎತ್ತರ ಇಷ್ಟು, ಕಂಬಿ ಈ ಅಂಚಿನಲ್ಲಿ ಒಳಬರಬೇಕು, ಆ ಅಂಚಿನಲ್ಲಿ ಹೊರಹೋಗಬೇಕು. ಮೊದಲು ಕಂಬಿ ಹಾಕಿ, ಊರು ಆಮೇಲೆ ಎಂದು ಮತ್ತೆ ಮತ್ತೆ ಹೇಳಿದ್ದರು. ನಾವು ಟೇಬಲ್ಲುಗಳನ್ನು ನಮ್ಮ ನಮ್ಮ ಊರಿಗೆ ಒಯ್ದು ಮಾಡಿದೆವು. ಒಬ್ಬರದನ್ನು ಒಬ್ಬರು ನೋಡಲಿಲ್ಲ, ನೋಡಿದರೆ ಕದಿಯುತ್ತಾರೆಂಬ ಭಯ. ಮೂರು ತಿಂಗಳ ನಂತರ ಮಿನಿ ಟೆಂಪೋದಲ್ಲಿ ನಾಲ್ಕೂ ಟೇಬಲ್ಲು ಖೋಲಿಗೆ ಬಂದವು. ಜೋಡಿಸಿ ನೋಡಿದರೆ ನಾಲ್ಕೂ ಟೇಬಲ್ಲಿನ ಮೇಲೆ ಭವ್ಯ ಸ್ಟೇಷನ್ನು, ನಾಲ್ಕು ಸ್ವಾಗತ ಕಮಾನು, ನಾಲ್ಕು ಕಡೆ 'ಜಂಕ್ಷನ್' ಎಂಬ ಬೋರ್ಡು. ಕಂಬಿ ಮಾತ್ರ ಒಂದರದು ಒಂದಕ್ಕೆ ಕೂಡಲಿಲ್ಲ. ತನ್ನ ಊರಿನ ಸ್ಟೇಷನ್ನು ಟೇಬಲ್ಲಿನ ನಟ್ಟನಡುವೆ ಬರಲಿ ಎಂದು ಪ್ರತಿ ಗುಂಪೂ ಕಂಬಿಯನ್ನು ತನಗೆ ಬೇಕಾದ ಕಡೆ ಎಳೆದುಕೊಂಡಿತ್ತು. ಮುಧೋಳದಿಂದ ಹೊರಟ ರೈಲು ಜಮಖಂಡಿಯ ಕಮಾನಿನ ಗೋಡೆಗೆ ಹೋಗಿ ಡಿಕ್ಕಿ ಹೊಡೆಯಬೇಕಿತ್ತು.

ಸರ್ ಸುತ್ತಲೂ ಒಂದು ಸುತ್ತು ಹಾಕಿದರು. ನಮಗೆ ಬೈಗುಳ ತಪ್ಪಿದ್ದಲ್ಲ ಎಂದು ಗೋಡೆಗೆ ಒರಗಿ ನಿಂತೆವು. ಮುಧೋಳದ ಗುಂಪಿನ ಮುಂದಾಳು ಮಲ್ಲು. ಅವನು ಸಮೀರವಾಡಿ ಕಡೆಯ ಸಕ್ಕರೆ ಕಾರ್ಖಾನೆ ಮಾಡಿ, ಚಿಮಣಿಯಲ್ಲಿ ಊದಿನಕಡ್ಡಿ ಸಿಕ್ಕಿಸಿ ಹೊಗೆ ಬರಿಸಿದ್ದ. ಸ್ಟೇಷನ್ನಿನ ಮುಂದೆ ಮಣ್ಣಿನಿಂದ ಮಾಡಿದ ಒಂದು ಮುಧೋಳ ನಾಯಿ ನಿಂತಿತ್ತು. ಸರ್ ಸ್ಕೇಲು ಹಿಡಿದು ಅಳೆದು, ಈ ಲೆಕ್ಕದಲ್ಲಿ ನಿನ್ನ ನಾಯಿ ಎರಡು ಅಂತಸ್ತಿನ ಮನೆಯಷ್ಟು ಎತ್ತರ ಆಗುತ್ತದಲ್ಲೋ ಅಂದರು. "ನಮ್ಮ ನಾಯಿ ಹಂಗss ಇರತಾವ್ರಿ ಸರ್" ಎಂದ ಮಲ್ಲು. ಜಮಖಂಡಿಯ ಗುಂಪಿನ ಹುಡುಗ ರಮಜಾನ್, ಗುಡ್ಡದ ಮೇಲಿನ ಅರಮನೆಯನ್ನು ಎಷ್ಟು ಚೆಂದ ಮಾಡಿದ್ದನೆಂದರೆ ಕಂಬಿ ಹಾಕಲು ಜಾಗವೇ ಉಳಿದಿರಲಿಲ್ಲ. ಕೊನೆಗೆ ಅಂಗಳದಲ್ಲಿ ಹಾಯಿಸಿದ್ದ.

ಇನ್ನು ನಮ್ಮದು. ನಾನು ರಬಕವಿಯವಳು, ನನ್ನ ಗುಂಪಿನಲ್ಲಿ ಅರ್ಧ ಬನಹಟ್ಟಿಯವರು. ಹೊರಗಿನವರಿಗೆ ಎರಡೂ ಒಂದೇ ಊರು. ನಮಗೆ ಕೇಳಿ. ಬೋರ್ಡಿನ ಮೇಲೆ ಯಾವ ಹೆಸರು ಮೊದಲು ಬರಬೇಕು ಎಂಬುದಕ್ಕೆ ಎರಡು ವಾರ ಮಾತು ಬಿಟ್ಟಿದ್ದೆವು. ಆಮೇಲೆ ಒಂದು ಗೇಣು ಅಂತರದಲ್ಲಿ ಎರಡು ಸ್ಟೇಷನ್ನು ಕಟ್ಟಿ ರಾಜಿಯಾದೆವು. ಸರ್ ಅದರ ಮೇಲೆ ಬಾಗಿ ನೋಡಿ, "ಏನವಾ, ಇದು ರೈಲೋ ಆಟೋರಿಕ್ಷಾನೋ? ಕೈ ಮಾಡಿದಲ್ಲೆ ನಿಂದರಾಕ" ಅಂದರು. ನಾಲ್ಕು ಊರಿನವರೂ ಒಟ್ಟಾಗಿ ನಕ್ಕದ್ದು ಆ ವರ್ಷ ಅದೊಂದೇ ಸಲ.

ಬೀಳಗಿಯ ಟೇಬಲ್ಲಿನ ಹತ್ತಿರ ಮಾತ್ರ ಅವರು ಸ್ಕೇಲು ಕೆಳಗಿಟ್ಟರು. ಅದನ್ನು ಮಾಡಿದವಳು ಶಿವಲೀಲಾ. ಬೀಳಗಿ ಕಡೆಯ ಅವಳ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಅವಳ ಮನೆಯವರು ಪುನರ್ವಸತಿ ಕೇಂದ್ರಕ್ಕೆ ಬಂದು ಕೂತವರು. ಟೇಬಲ್ಲಿನ ಮುಕ್ಕಾಲು ಭಾಗಕ್ಕೆ ಅವಳು ನೀಲಿ ಬಣ್ಣ ಹಚ್ಚಿದ್ದಳು. ಸ್ಟೇಷನ್ನು ಇದ್ದದ್ದು ನೀರಿನ ನಡುವೆ. ಇಲ್ಲಿ ಊರೇ ಇಲ್ಲ, ಯಾರು ಹತ್ತುತ್ತಾರೆ, ಯಾರು ಇಳಿಯುತ್ತಾರೆ ಎಂದು ಸರ್ ಕೇಳಿದರು. ಅವಳು ತಲೆಯೆತ್ತದೆ, "ಊರ ಮುಣಗೇತ್ರಿ ಸರ್. ಸ್ಟೇಷನ್ನೂ ಯಾಕ ಮುಣಗಬೇಕು" ಅಂದಳು. ಸರ್ ಒಂದು ವಾರ ಕಾಲೇಜು ಬಿಟ್ಟ ಮೇಲೆ ಕೂತು, ಐಸ್‌ಕ್ರೀಮ್ ಕಡ್ಡಿಗಳನ್ನು ಅಂಟಿಸಿ, ಆ ನೀರಿನ ಮೇಲೆ ಸ್ಟೇಷನ್ನಿನ ತನಕ ತಾವೇ ಸೇತುವೆ ಕಟ್ಟಿದರು. ಬೀಳಗಿಯಿಲ್ಲದ ನಕ್ಷೆಗೆ ಅವರು ಸಹಿ ಹಾಕದಿದ್ದದ್ದು ಇದಾದ ಮೇಲೆ. ಎಂದೂ ಶಭಾಷ್ ಅನ್ನದ ಅವರ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಆ ಸೇತುವೆಯಲ್ಲೇ ಕರಗಿತು. ಉಳಿದರ್ಧ ಅವರು ತೀರಿಕೊಳ್ಳುವವರೆಗೂ ಇತ್ತು.

ಕೂಡದ ಕಂಬಿಗಳನ್ನು ಕೂಡಿಸಲು ಅವರು ಎಲ್ಲವನ್ನೂ ಕಿತ್ತು ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ನಾಲ್ಕು ಊರಿನ ಹಠಕ್ಕೂ ಜಾಗ ಕೊಟ್ಟು ಕಂಬಿಯನ್ನು ಸುತ್ತಿಸಿ, ಬಾಗಿಸಿ, ತಿರುವಿ ಒಯ್ದರು. ಮುಧೋಳದಿಂದ ಜಮಖಂಡಿಗೆ ಹೋಗಲು ನಮ್ಮ ರೈಲು ಮೂರು ಸಲ ಹಿಂದಕ್ಕೆ ತಿರುಗುತ್ತಿತ್ತು. ಇದು ಲೈನಲ್ಲ, ಮೆರವಣಿಗೆ ಎಂದು ಗೊಣಗುತ್ತಲೇ ಒಂದೊಂದು ಜೋಡಣೆಗೂ ಬೆಸುಗೆ ಹಾಕಿದರು. ಬೆಸುಗೆ ಮುಗಿದ ಮೇಲೆ ನಾಲ್ಕು ಟೇಬಲ್ಲು ಒಂದೇ ಆಯಿತು. ಬಿಡಿಬಿಡಿಯಾಗಿ ಬಾಗಿಲಲ್ಲಿ ಬಂದದ್ದು ಈಗ ಯಾವ ಬಾಗಿಲಲ್ಲೂ ಹೊರಗೆ ಹೋಗುವಂತಿರಲಿಲ್ಲ. ಖೋಲಿ ಇದ್ದರೆ ಮಾತ್ರ ರೈಲು, ಖೋಲಿ ಹೋದರೆ ಕಂಬಿ ಕೊಯ್ಯಬೇಕು.

ಆ ಹೊತ್ತಿಗೇ ಖೋಲಿಯ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರ ಕಣ್ಣು ಬಿತ್ತು. ಅವರು ಸಕ್ಕರೆ, ಸೀರೆ, ಸೊಸೈಟಿ ಮೂರರಲ್ಲೂ ಕೈಯಿಟ್ಟವರು. ಚುನಾವಣೆಗೂ ನಿಂತಿದ್ದರು. ಆಗ ರೈಲು ತರುತ್ತೇನೆ ಎಂದು ಊರೂರಲ್ಲಿ ಹೇಳಿ ಬಂದಿದ್ದರು. ಅವರಿಗೆ ಈಗ ತಮ್ಮ ಜೀವನದ ಫೋಟೋಗಳ ಒಂದು ಗ್ಯಾಲರಿ ಬೇಕಾಗಿತ್ತು. ಹುಟ್ಟಿದಾಗಿನಿಂದ ಹಿಡಿದು ಹಾರ ಹಾಕಿಸಿಕೊಂಡ ಎಲ್ಲ ಫೋಟೋಗಳೂ ಸೇರಬೇಕೆಂದರೆ ಗೋಡೆ ಬಹಳ ಬೇಕು, ಎರಡು ಕಡೆ ಕಿಟಕಿಯ ಗಾಳಿಯೂ ಬೇಕು. ಪ್ರಿನ್ಸಿಪಾಲರು ನಡುವೆ ಬಿದ್ದು ಒಂದು ಒಪ್ಪಂದ ಮಾಡಿಸಿದರು. ವಿಜ್ಞಾನ ಪ್ರದರ್ಶನದ ದಿನ ಅತಿಥಿಗಳ ಮುಂದೆ ರೈಲು ಬೀಳಗಿಯಿಂದ ರಬಕವಿ-ಬನಹಟ್ಟಿಗೆ ಓಡಿದರೆ ಖೋಲಿ ಕ್ಲಬ್ಬಿಗೆ, ಇಲ್ಲದಿದ್ದರೆ ಫೋಟೋಗಳಿಗೆ. ಅಷ್ಟಕ್ಕೆ ಒಪ್ಪಿ ಸುಮ್ಮನಿದ್ದರೆ ಸರ್ ಹೇಗೆ ಸರ್ ಆಗುತ್ತಿದ್ದರು? ಹನ್ನೊಂದಕ್ಕೆ ಸರಿಯಾಗಿ ಬಿಡುತ್ತೇನೆ, ಹನ್ನೊಂದೂ ಐದಕ್ಕೆ ಬನಹಟ್ಟಿ ಮುಟ್ಟಿಸುತ್ತೇನೆ, ತಡವಾಗಿ ಬಂದ ಗಾಡಿ ನನ್ನ ಲೆಕ್ಕದಲ್ಲಿ ಬಂದ ಗಾಡಿಯೇ ಅಲ್ಲ ಎಂದು ತಾವಾಗಿಯೇ ಸೇರಿಸಿದರು. ಯಾರೂ ಕೇಳಿರಲಿಲ್ಲ.

ಪ್ರದರ್ಶನದ ಹಿಂದಿನ ದಿನ ರೈಲು ಬೆಳಗಿನಿಂದ ಸಂಜೆವರೆಗೆ ಒಮ್ಮೆಯೂ ನಿಲ್ಲದೆ ಓಡಿತು. ಸರ್ ನೋಡಿ "ನಡೀತೈತಿ" ಅಂದರು. ನಾವು ಕ್ಯಾಂಟೀನಿಗೆ ಹೋಗಿ ಮಿರ್ಚಿ ತಿಂದು ಹಬ್ಬ ಮಾಡಿದೆವು.

ಮರುದಿನ ಅಧ್ಯಕ್ಷರು ಅತಿಥಿಗಳ ದಂಡು ಕಟ್ಟಿಕೊಂಡು ಬಂದರು. ಹಿಂದೆಯೇ ಕಾಯಿ, ಕುಂಕುಮ, ಭಂಡಾರದ ಅರಿಸಿನ, ಊದಿನಕಡ್ಡಿಯ ತಟ್ಟೆ. ಹೊಸದು ಏನೇ ಇರಲಿ, ಪೂಜೆ ಮಾಡದೆ ಚಾಲೂ ಮಾಡುವವರು ನಮ್ಮಲ್ಲಿಲ್ಲ. ಮಗ್ಗಕ್ಕೆ ಮಾಡುತ್ತೇವೆ, ಟ್ರ್ಯಾಕ್ಟರಿಗೆ ಮಾಡುತ್ತೇವೆ, ನಮ್ಮ ಅವ್ವ ಹೊಸ ಮಿಕ್ಸರಿಗೂ ಅರಿಸಿನ ಹಚ್ಚಿದ್ದಳು. ಸರ್‌ಗೆ ಇದು ಗೊತ್ತಿತ್ತು. ಅದಕ್ಕೇ ಬಾಗಿಲ ಹತ್ತಿರ ಕುರ್ಚಿಯ ಮೇಲೆ ಎಂಜಿನ್ನಿನ ಖಾಲಿ ಡಬ್ಬಿ ಇಟ್ಟು, ಪೂಜೆ ಏನಿದ್ದರೂ ಇದಕ್ಕೆ ಮಾಡಿರಿ ಎಂದು ಹೇಳಿದ್ದರು. ಅಧ್ಯಕ್ಷರು ಖಾಲಿ ಡಬ್ಬಿಗೆ ಕೈಮುಗಿಯುವ ಆಸಾಮಿಯಲ್ಲ. ಸರ್ ಟ್ರಾನ್ಸ್‌ಫಾರ್ಮರಿನ ವೈರು ನೋಡಲು ಟೇಬಲ್ಲಿನ ಕೆಳಗೆ ಬಗ್ಗಿದ್ದರು. ಅಷ್ಟರಲ್ಲಿ ಅಧ್ಯಕ್ಷರು ನೆಟ್ಟಗೆ ಟೇಬಲ್ಲಿನ ಹತ್ತಿರ ಹೋಗಿ, ಕೈಗೆ ಮೊದಲು ಸಿಕ್ಕ ಮುಧೋಳ ಸ್ಟೇಷನ್ನಿಗೆ ಕುಂಕುಮ ಏರಿಸಿ, ಅದರ ಪ್ಲಾಟ್‌ಫಾರ್ಮಿನ ಅಂಚಿಗೇ ಕಾಯಿ ಒಡೆದುಬಿಟ್ಟರು.

ಅಷ್ಟೇ ಆಗಿದ್ದರೆ ಒರೆಸಿ ಮುಗಿಸಬಹುದಿತ್ತು. ಆದರೆ ಮುಧೋಳಕ್ಕೆ ಪೂಜೆಯಾಗಿ ಜಮಖಂಡಿಗೆ ಆಗದಿದ್ದರೆ ಹೇಗೆ? ರಮಜಾನ್ ತಾನೇ ತಟ್ಟೆ ಎತ್ತಿಕೊಂಡು ಅಧ್ಯಕ್ಷರ ಮುಂದೆ ಹಿಡಿದ. ಜಮಖಂಡಿಗೆ ಆದ ಮೇಲೆ ನಾವು ಬಿಡುತ್ತೇವೆಯೇ? ರಬಕವಿಗೆ ನಾನು ಕುಂಕುಮ ಹಾಕಿಸಿದೆ, ಬನಹಟ್ಟಿಯವರು ಅದಕ್ಕಿಂತ ಒಂದು ಹಿಡಿ ಜಾಸ್ತಿ ಭಂಡಾರ ಹಾಕಿಸಿದರು. ಹಾರಿಸಿದ ಭಂಡಾರ ಮೇಲೆ ಹೋದದ್ದು ಕೆಳಗೆ ಇಳಿಯಬೇಕಲ್ಲ, ಇಳಿಯಿತು, ಉದ್ದಕ್ಕೂ ಕಂಬಿಯ ಮೇಲೆ. ಬೀಳಗಿಯ ಶಿವಲೀಲಾ ಒಬ್ಬಳೇ ತಟ್ಟೆ ಮುಟ್ಟಲಿಲ್ಲ. ಸರ್ ಟೇಬಲ್ಲಿನ ಕೆಳಗಿನಿಂದ ಎದ್ದಾಗ ಹಿತ್ತಾಳೆ ಕಂಬಿ ಅರಿಸಿನದಲ್ಲಿ ಮಿಂದು ಮದುಮಗಳಾಗಿತ್ತು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಅವರು ಒರೆಸಬಹುದಿತ್ತು, ಆದರೆ ಒರೆಸಿದರೆ ಟೈಮು ತಪ್ಪುತ್ತಿತ್ತು. ಸೀಟಿ ಊದಿ ಗಾಡಿ ಬಿಟ್ಟರು.

ರೈಲು ಬೀಳಗಿಯ ಸೇತುವೆ ದಾಟಿತು. ಮುಳುಗಿದ ಊರಿನ ಸ್ಟೇಷನ್ನು ದಾಟಿತು. ಮುಧೋಳದಲ್ಲಿ ಒಂದು ಸಲ ಮುಗ್ಗರಿಸಿ, ಆ ದೊಡ್ಡ ನಾಯಿಯನ್ನು ದಾಟಿ, ಜಮಖಂಡಿಯ ಹಾದಿಯಲ್ಲಿ ಮೊದಲ ತಿರುವಿಗೇ ನಿಂತಿತು. ಅತಿಥಿಗಳು ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದಿದ್ದರು. ಪ್ರಿನ್ಸಿಪಾಲರು ಸರ್ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಏನೆಂದು ನಮಗೆಲ್ಲ ತಿಳಿಯಿತು. ಒಂದೇ ಒಂದು ಬೆರಳು ತಾಗಿಸಿದರೆ ಖೋಲಿ ಉಳಿಯುತ್ತದೆ. ಸರ್ ತಲೆಯಲ್ಲಾಡಿಸಿದರು. ಆಗ ಅಧ್ಯಕ್ಷರೇ ನಗುತ್ತ ಮುಂದೆ ಬಂದು ಕೈ ಚಾಚಿದರು. ಅವರು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ, ಅದನ್ನೂ ಹೇಳಬೇಕು. ದೊಡ್ಡ ರೈಲೇ ಇನ್ನೂ ಬಂದಿಲ್ಲ, ಇದನ್ನು ಒಂದಿಷ್ಟು ದೂಡಿದರೆ ಏನಾಗುತ್ತದೆ ಸರ್ ಎಂದರು. ಸರ್ ಅಧ್ಯಕ್ಷರ ಮಣಿಕಟ್ಟು ಹಿಡಿದರು.

"ದೊಡ್ಡದನ್ನ ತರತೇನಿ ಅಂದವರು ನೀವು, ತರಲಿಲ್ಲ. ಇದನ್ನ ದೂಡಾಕ ನಾ ಬಿಡೂದಿಲ್ರಿ."

 ಸರ್ ಅಧ್ಯಕ್ಷರ ಕೈ ಬಿಟ್ಟು, ಗಂಟಲು ಸರಿಮಾಡಿಕೊಂಡು, ಸ್ಟೇಷನ್ನಿನ ಧ್ವನಿಯಲ್ಲೇ, ಮುಧೋಳ ಕಡೆಯಿಂದ ಬರುವ ಗಾಡಿ ತಡವಾಗಿದೆ, ಪ್ರಯಾಣಿಕರಿಗೆ ಆದ ತೊಂದರೆಗೆ ವಿಷಾದಿಸುತ್ತೇವೆ ಎಂದು ಸಾರಿದರು. ಅತಿಥಿಗಳು ಒಬ್ಬೊಬ್ಬರಾಗಿ ಊಟದ ಕಡೆ ಸರಿದರು. ಎಣಗಾಯಿ ಪಲ್ಯದ ವಾಸನೆ ಕಿಟಕಿಯಿಂದ ಬರುತ್ತಿತ್ತು, ಅವರನ್ನು ದೂರಿ ಪ್ರಯೋಜನವಿಲ್ಲ. ಅಧ್ಯಕ್ಷರು ಮಾತ್ರ ಹೋಗಲಿಲ್ಲ. ಎಲ್ಲರ ಎದುರು ಅಂಥ ಮಾತು ಅನ್ನಿಸಿಕೊಂಡ ಮನುಷ್ಯ ಸಿಟ್ಟಿನಿಂದ ಹೊರಟು ಹೋಗುತ್ತಾನೆ ಎಂದು ನಾವು ತಿಳಿದಿದ್ದೆವು. ಅವರು ಒಂದು ಕುರ್ಚಿ ಎಳೆದು, ರೈಲಿನ ಎದುರೇ, ತೋಳು ಕಟ್ಟಿ ಕೂತರು. ಪ್ರಿನ್ಸಿಪಾಲರು ಅವರ ಹಿಂದೆ ನಿಂತರು, ಹಸಿದ ಹೊಟ್ಟೆಯಲ್ಲಿ.

ನಾವು ನಾಲ್ಕೂ ಊರಿನವರು ಕಂಬಿ ಒರೆಸಲು ಬಿದ್ದೆವು. ನಮ್ಮ ಮನೆಯಿಂದ ತಂದಿದ್ದ, ಮಗ್ಗ ಒರೆಸುವ ನೂಲಿನ ವೇಸ್ಟು ಇತ್ತು, ಲ್ಯಾಬಿನ ಸ್ಪಿರಿಟ್ಟು ಇತ್ತು. ಕಾಯಿಯ ನೀರು, ಅರಿಸಿನ ಎರಡೂ ಸೇರಿ ಅಂಟಾಗಿ ಕೂತಿದ್ದವು. ಒಬ್ಬರ ಟೇಬಲ್ಲನ್ನು ಒಬ್ಬರು ಮುಟ್ಟದವರು ಅವತ್ತು ಯಾರ ಕಂಬಿ ಯಾರದೆಂದು ನೋಡಲಿಲ್ಲ.   ಮುಗಿದ ಮೇಲೆ ಸರ್ ಎಂಜಿನ್ನನ್ನು ಎತ್ತಿ ಬೀಳಗಿಗೆ ಒಯ್ದು ಇಡಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಯಾರೂ ಮುಟ್ಟದಂತೆ, ಗಾಲಿಯ ಕೆಳಗೆ ಸ್ಪಿರಿಟ್ಟಿನ ಬಟ್ಟೆ ತೂರಿಸಿ ಎಳೆದು, ಕರೆಂಟು ಕೊಟ್ಟರು.

ರೈಲು ಹೊರಟಿತು. ಮೂರು ತಿರುವು ತಿರುಗಿ, ಅರಮನೆಯ ಅಂಗಳ ಹಾದು, ಜಮಖಂಡಿಯಲ್ಲಿ ನಿಂತು, ಮತ್ತೆ ಹೊರಟು ಬಂದು, ಎಂಜಿನ್ನು ರಬಕವಿಯಲ್ಲೂ ಕೊನೆಯ ಬೋಗಿ ಬನಹಟ್ಟಿಯಲ್ಲೂ ಇರುವಂತೆ ನಿಂತಿತು. ಅಧ್ಯಕ್ಷರು ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ನಾಟಕವಾಗಿರಲಿಲ್ಲ. ರೈಲಿಗೆ ಕೈ ಮುಗಿದರು. ಖರೆ ರೈಲು ಬಂದಂಗ ಆತು ನೋಡ್ರಿ ಸರ್ ಎಂದರು. ಮೊಬೈಲು ತೆಗೆದು ರೈಲಿನ ಜೊತೆ ತಮ್ಮ ಫೋಟೋ ಹೊಡೆದುಕೊಂಡರು. ಮಲ್ಲು ನನ್ನ ಕೈ ಚಿವುಟಿ, ಖೋಲಿ ಉಳಿಯಿತು ಎಂದ. ನಾನೂ ಹಾಗೇ ತಿಳಿದೆ. ಅಧ್ಯಕ್ಷರು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಹಿಂದೆ ತಿರುಗಿದರು.

"ಛಲೋ ಓಡಿತ್ರಿ ಸರ್. ಆದ್ರ ತಡ ಐತಿ ಅಂತ ನೀವss ಹೇಳಿದ್ರಿ. ಸೋಮವಾರ ಖೋಲಿ ಖಾಲಿ ಮಾಡ್ರಿ."

ಪ್ರಿನ್ಸಿಪಾಲರು ನೆಲ ನೋಡಿದರು. ನಾವೆಲ್ಲ ಸರ್ ಕಡೆ ತಿರುಗಿದೆವು. ಕಾಯಿ ಒಡೆದವರು ನೀವೇ ಅಲ್ಲವೇ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾಲ್ಕು ಊರಿನ ನಾವೂ ಜಗಳಕ್ಕೆ ತಯಾರಿದ್ದೆವು, ಜಗಳದಲ್ಲಿ ನಮಗೆ ಅಭ್ಯಾಸವೂ ಇತ್ತು. ಆದರೆ ತಡವಾಗಿ ಬಂದ ಗಾಡಿ ಬಂದ ಗಾಡಿಯೇ ಅಲ್ಲ ಎಂದು ಹೇಳಿದ್ದವರು ತಾವೇ ಎಂಬುದು ಸರ್‌ಗೆ ನೆನಪಿತ್ತು. ಅವರು ಗಡಿಯಾರ ನೋಡಿದರು.

"ಎಷ್ಟು ಗಂಟೆಕ್ಕ ಬೇಕ್ರಿ?" ಎಂದು ಕೇಳಿದರು.

ನನಗೆ ಅಧ್ಯಕ್ಷರ ಮೇಲೆ ಸಿಟ್ಟು ಬರಲಿಲ್ಲ. ಅಂಥವರು ಹಾಗೆಯೇ ಇರುತ್ತಾರೆ. ಸಿಟ್ಟು ಬಂದದ್ದು ಸರ್ ಮೇಲೆ. ಮುಂದಿನ ವರ್ಷ ರಿಟೈರ್ ಆಗುವ ಮನುಷ್ಯ, ಜೀವಮಾನದಲ್ಲಿ ಕಟ್ಟಿದ್ದು ಅದೊಂದು ರೈಲು, ಅದನ್ನು ತಮ್ಮದೇ ಬಾಯಿಯ ಒಂದು ಬಡಾಯಿಗೆ ಕೊಟ್ಟು ಬಂದರಲ್ಲ ಎಂದು ಉರಿಯಿತು. ಅವತ್ತು ಶನಿವಾರ ಸಂಜೆ ಅವರ ಸ್ಕೂಟರು ದೂಡಲು ನಾನು ಹೋಗಲಿಲ್ಲ. ಗೇಟಿನ ಹತ್ತಿರ ಅವರೊಬ್ಬರೇ ಅದನ್ನು ದೂಡಿಕೊಂಡು ಹೋಗುವುದನ್ನು ಮಲ್ಲು, ರಮಜಾನ್ ಕೂಡ ನಿಂತು ನೋಡಿದರು. ಶಿವಲೀಲಾ ಓಡಿಹೋಗಿ ಹಿಂದಿನಿಂದ ಕೈ ಹಚ್ಚಿದಳು.

ಸೋಮವಾರ ಬೆಳಿಗ್ಗೆ ಅವರು ನಮಗಿಂತ ಮೊದಲೇ ಬಂದು ಖೋಲಿಯ ಬಾಗಿಲು ತೆರೆದಿದ್ದರು. ಕೊರಳಲ್ಲಿ ಸೀಟಿ ಇರಲಿಲ್ಲ. ಟೇಬಲ್ಲಿನ ಮೇಲೆ ಹೊಸ ಹ್ಯಾಕ್ಸಾ ಬ್ಲೇಡುಗಳಿದ್ದವು. ಬೀಳಗಿ ಮುಧೋಳಕ್ಕೆ ಕೂಡುವಲ್ಲಿ, ಮುಧೋಳ ಜಮಖಂಡಿಗೆ ಕೂಡುವಲ್ಲಿ, ಜಮಖಂಡಿ ನಮಗೆ ಕೂಡುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ರಮಜಾನ್ ಬ್ಲೇಡು ತೆಗೆದುಕೊಂಡು ಸಿಟ್ಟಿನಿಂದ ಹೇಗೆ ಬಂತೋ ಹಾಗೆ ಕೊಯ್ಯತೊಡಗಿದ. ಹಿತ್ತಾಳೆ ಕಿರುಗುಟ್ಟಿತು. ಸರ್ ಅವನ ಕೈಯ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಸೀದಾ ಕೊಯ್ಯಲೇ. ನಾಳೆ ಕೂಡಸೂ ಮುಂದ ತುದಿಗೆ ತುದಿ ಹತ್ತಬೇಕು."

ನಾಳೆ ಎಲ್ಲಿ, ಯಾವ ಖೋಲಿಯಲ್ಲಿ, ಯಾರು ಕೂಡಿಸುವವರು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಗೆರೆಯ ಮೇಲೆ ಸ್ಕೇಲು ಹಿಡಿದು, ಒಬ್ಬರು ಹಿಡಿದುಕೊಂಡು ಒಬ್ಬರು ಕೊಯ್ದು, ಗೆರೆಯಿಂದ ಎಳೆಯಷ್ಟೂ ಆಚೀಚೆ ಹೋಗದಂತೆ ಮುಗಿಸಿದೆವು. ಅಷ್ಟು ನೆಟ್ಟಗಿನ ಕೆಲಸವನ್ನು ನಾವು ಆ ವರ್ಷವಿಡೀ ಮಾಡಿರಲಿಲ್ಲ.